ಹೆಪ್ಪುಗಟ್ಟಿದ ರಕ್ತ, ಬರಹಕ್ಕೆ ಸಿಗದ ಸಾವು

(ಚೆನ್ನೈನ ನುಂಗಂಬಾಕ್ಕಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನುಂಗಂಬಾಕ್ಕಂ ಹೆಸರು ಪತ್ರಿಕೆಯಲ್ಲಿ ದಿನವೂ ಕಾಣುವುದು ಬಿಸಿಲಿನ ಲೆಕ್ಕಕ್ಕಾಗಿ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಇಲ್ಲಿ ವೀಕ್ಷಣಾಲಯ ಕಟ್ಟಿತು. 1796ರಿಂದ ಹವೆಯ ದಾಖಲೆ ಶುರುವಾಯಿತು. ಮದರಾಸಿನ ಸೆಕೆಗೆ ಇಷ್ಟು ಉದ್ದದ ಲೆಕ್ಕವಿದೆ. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಕಳಚಿ ಶ್ವಾಸಕೋಶಕ್ಕೆ ಏರಿ ಸತ್ತವರ ವಿಷಯದಲ್ಲಿ ಅಂಥ ಭಾಗ್ಯವಿಲ್ಲ.

ಯುರೋಪಿನಲ್ಲಿ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಲಯದಲ್ಲಿ ಶ್ವಾಸಕೋಶದ ಹೆಪ್ಪಿಗೆ ಸಂಬಂಧಿಸಿದ ಸಾವು 2000ದಲ್ಲಿ ಲಕ್ಷಕ್ಕೆ 12.8 ಇದ್ದದ್ದು 2015ರ ಹೊತ್ತಿಗೆ 6.5ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಯಾದವರನ್ನು ಬೇಗ ನಡೆಸುವುದು, ರಕ್ತ ತೆಳುವಾಗಿಸುವ ಔಷಧಿ, ಸಿಟಿ ಸ್ಕ್ಯಾನ್ ಎಲ್ಲಕ್ಕೂ ಇದರಲ್ಲಿ ಪಾಲಿದೆ ಎನ್ನಬಹುದು. ಅಲುಗಾಡದೆ ಕೂತರೆ ಏನಾಗುತ್ತದೆಂದು ಅಲ್ಲಿನವರು ಎರಡನೇ ಮಹಾಯುದ್ಧದ ಕಾಲದಲ್ಲೇ ಕಂಡಿದ್ದರು. 1940ರಲ್ಲಿ ಲಂಡನ್ನಿನ ಬಾಂಬ್ ಆಸರೆಗಳಲ್ಲಿ ಕುರ್ಚಿಯ ಮೇಲೇ ರಾತ್ರಿ ಕಳೆದವರು ಶ್ವಾಸಕೋಶದ ಹೆಪ್ಪಿನಿಂದ ಸಾಯುತ್ತಿರುವುದನ್ನು ವೈದ್ಯ ಕೀತ್ ಸಿಂಪ್ಸನ್ ಗುರುತಿಸಿ ಬರೆದರು.

ನಮ್ಮಲ್ಲಿ ಬಹುಕಾಲ ಇದ್ದದ್ದು ಒಂದು ಸಮಾಧಾನ: ಇದು ಬಿಳಿಯರ ಕಾಯಿಲೆ, ನಮ್ಮವರಿಗೆ ಅಪರೂಪ. ಅದರಲ್ಲಿ ಸ್ವಲ್ಪ ಹುರುಳೂ ಇತ್ತು. 1994ರಲ್ಲಿ ಪತ್ತೆಯಾದ 'ಫ್ಯಾಕ್ಟರ್ ಫೈವ್ ಲೈಡನ್' ಎಂಬ ವಂಶವಾಹಿ ದೋಷ ಯುರೋಪಿಯನ್ನರಲ್ಲಿ ನೂರಕ್ಕೆ ಸುಮಾರು 5 ಮಂದಿಗಿದೆ, ನಮ್ಮಲ್ಲಿ ಅದಕ್ಕಿಂತ ಕಡಿಮೆ. ಆದರೆ ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿ ನೋಡಿದಾಗ ನೂರರಲ್ಲಿ ಸುಮಾರು 16 ದೇಹಗಳ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತು. ಬಹುಪಾಲು ಪ್ರಕರಣಗಳಲ್ಲಿ ರೋಗಿ ಬದುಕಿದ್ದಾಗ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಇಲ್ಲೇ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ 1996ರಿಂದ 2005ರವರೆಗಿನ ದಾಖಲೆ ತೆಗೆದಾಗ, ಒಳಸೇರಿದ ಪ್ರತಿ 10,000 ರೋಗಿಗಳಲ್ಲಿ ಸುಮಾರು 17 ಮಂದಿಗೆ ಕಾಲಿನ ಹೆಪ್ಪು ದೃಢಪಟ್ಟಿತ್ತು. ಹುಡುಕಿದವರಿಗೆ ಸಿಕ್ಕಿದೆ, ಅಷ್ಟೆ.

ಹುಡುಕದ ಕಡೆ ಏನು ಬರೆಯುತ್ತಾರೆ? 'ಹೃದಯಾಘಾತ'. ಇಲ್ಲವೇ 'ಹೃದಯ ನಿಂತು ಸಾವು'. ಯಾರ ಹೃದಯ ನಿಲ್ಲದೆ ಸಾವು ಬಂದಿದೆ, ಹೇಳಿ! 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ. 22.5ಕ್ಕೆ ಮಾತ್ರ. ಉಳಿದವನ್ನು ತಿಳಿಯಲು ಮನೆಮನೆಗೆ ಹೋಗಿ ಕೇಳಬೇಕು. ಸಂಶೋಧಕರಾದ ವೆಂದನ್ ಗಜಲಕ್ಷ್ಮಿ, ರಿಚರ್ಡ್ ಪೆಟೊ ಮತ್ತು ಸಂಗಡಿಗರು ಚೆನ್ನೈನ 48,000 ವಯಸ್ಕರ ಸಾವಿನ ಬಗ್ಗೆ ಹಾಗೆ ಮನೆಯವರನ್ನೇ ವಿಚಾರಿಸಿದರು. ಕ್ಷಯ, ಕ್ಯಾನ್ಸರುಗಳ ಮಟ್ಟಿಗೆ ಅದು ದೊಡ್ಡ ಕೆಲಸ. ಹೆಪ್ಪಿನ ವಿಷಯಕ್ಕೆ ಆ ದಾರಿ ಸಾಲದು. "ಎದೆ ಹಿಡಿದುಕೊಂಡರು, ಉಸಿರು ಕಟ್ಟಿತು, ಹೋದರು" ಎಂಬ ಮನೆಯವರ ಮಾತಿನಿಂದ ಹೃದಯಾಘಾತವನ್ನೂ ಶ್ವಾಸಕೋಶದ ಹೆಪ್ಪನ್ನೂ ಬೇರ್ಪಡಿಸುವುದು ಹೇಗೆ? ಆದ್ದರಿಂದ, ಒಂದು ಪ್ರಾಂತ್ಯದಲ್ಲಿ ಈ ಸಾವು ಕಡಿಮೆ ಎಂದು ನಕಾಶೆ ತೋರಿಸಿದರೆ, ನಾನು ಮೊದಲು ಅಲ್ಲಿ ಎಷ್ಟು ಸ್ಕ್ಯಾನರುಗಳಿವೆ ಎಂದು ನೋಡುತ್ತೇನೆ.

ಒಂದು ಹೆಪ್ಪು ಮಾತ್ರ ನಮ್ಮ ಕಣ್ಣೆದುರೇ ಇತ್ತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಲೆ ಸಿಡಿತ, ವಾಂತಿ, ಫಿಟ್ಸು, ಒಂದು ಪಕ್ಕದ ಕೈಕಾಲು ಸ್ವಾಧೀನ ತಪ್ಪುವುದು. ಹಳ್ಳಿಯಲ್ಲಿ ಅದು ಬಾಣಂತಿ ಸನ್ನಿ, ಅಥವಾ ಗಾಳಿ ಸೋಂಕು. ಇವರಲ್ಲಿ ಎಷ್ಟೋ ಮಂದಿಗೆ ಆಗಿದ್ದದ್ದು ಮೆದುಳಿನ ಅಭಿಧಮನಿಯಲ್ಲಿ ಹೆಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಇಂಥ ಬಾಣಂತಿಯರನ್ನು ವರ್ಷಗಟ್ಟಲೆ ನೋಡಿ, ರಕ್ತ ತೆಳುವಾಗಿಸುವ ಹೆಪಾರಿನ್ ಕೊಟ್ಟು, ಬರೆದಿಟ್ಟರು. ಹೆರಿಗೆಯ ಆಸುಪಾಸಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ತಾನಾಗಿಯೇ ಹೆಚ್ಚುತ್ತದೆ. ರಕ್ತಸ್ರಾವ ತಡೆಯಲು ದೇಹ ಮಾಡಿಕೊಂಡ ಏರ್ಪಾಡು ಅದು. ಅದರ ಮೇಲೆ ರಕ್ತಹೀನತೆ, ಸೋಂಕು. ಜೊತೆಗೆ ನಮ್ಮ ಬಾಣಂತನ: ಬಾಗಿಲು ಮುಚ್ಚಿದ ಕೋಣೆ, ಕೆಂಡ, ಖಾರ, ಚೆಂಬಿನಲ್ಲಿ ಅಳೆದು ಕೊಡುವ ನೀರು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಬಾಯಾರಿದವಳನ್ನು ಗದರಿಸುತ್ತಿದ್ದರು. ಹಾಲೂಡಿಸುವ, ಬೆವರುವ ದೇಹದಲ್ಲಿ ನೀರಿಲ್ಲದಿದ್ದರೆ ರಕ್ತ ಗಟ್ಟಿಯಾಗದೆ ಇನ್ನೇನಾದೀತು? ಅಜ್ಜಿಯರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ಆ ಚೆಂಬಿನ ಬಗ್ಗೆ ತಕರಾರಿದೆ.

ಈಗ ಚಿತ್ರ ತಿರುಗಿದೆ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಮೆದುಳಿನ ಹೆಪ್ಪಿನ 428 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರು. ಬಾಣಂತಿಯರು ಹತ್ತರಲ್ಲಿ ಒಬ್ಬರಷ್ಟೇ. ಆಸ್ಪತ್ರೆ ಹೆರಿಗೆ ಹೆಚ್ಚಿತು, ನೀರಿನ ಕಟ್ಟು ಸಡಿಲಿತು, ಸ್ಕ್ಯಾನ್ ಸಿಕ್ಕಿತು. ಇತ್ತ ಅಪಾಯ ವಾರ್ಡಿನ ಮಂಚಕ್ಕೆ ಬಂದು ಕೂತಿದೆ. 2008ರಲ್ಲಿ ಪ್ರಕಟವಾದ, 32 ದೇಶಗಳ 'ಎಂಡೋರ್ಸ್' ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಇಲ್ಲಿ ಒಳರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ಹೆಪ್ಪಿನ ಅಪಾಯವಿತ್ತು. ಅವರಲ್ಲಿ ತಡೆ ಚಿಕಿತ್ಸೆ ಸಿಕ್ಕಿದ್ದು ಐವರಲ್ಲಿ ಒಬ್ಬರಿಗೂ ಅಲ್ಲ.

ಕೊನೆಗೆ ಕಾಗದದ ಮಾತು. ಜನನ ಮರಣ ನೋಂದಣಿ ಕಾಯಿದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸಾವಿನ ಕಾರಣದ ಪ್ರಮಾಣಪತ್ರದ ಒಂದು ಪ್ರತಿಯನ್ನು ಆಸ್ಪತ್ರೆ ಹತ್ತಿರದ ಬಂಧುವಿಗೆ ಪುಕ್ಕಟೆಯಾಗಿ ಕೊಡಬೇಕು. ಅದರ ಮೊದಲ ಸಾಲಿನಲ್ಲಿ ಇರುವುದು ಕೂಡಲೇ ಸಾವು ತಂದ ಕಾರಣ, ಕೆಳಗಿನ ಸಾಲುಗಳಲ್ಲಿ ಅದಕ್ಕೆ ಮೂಲವಾದ ಕಾಯಿಲೆ. ಮಂಡಿ ಆಪರೇಷನ್ ಆಗಿ ವಾರಕ್ಕೇ ಯಾರಾದರೂ ತೀರಿಕೊಂಡರೆ, ಆ ಕೆಳಗಿನ ಸಾಲು ಖಾಲಿ ಇದೆಯೇ ನೋಡಿ, ಇದ್ದರೆ ವೈದ್ಯರನ್ನು ಕೇಳಿ.