ಬ್ಯಾಕಪ್ ಡ್ರೈವ್ ತುಂಬಿದಾಗ



ಒಂದು ಮಳೆಗಾಲದಲ್ಲಿ ಅಂಕೋಲಾದಲ್ಲಿದ್ದ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಇದೆಯಲ್ಲ ಎಂದು ನಿಶ್ಚಿಂತನಾಗಿದ್ದೆ. ತೆರೆದು ನೋಡಿದರೆ ಕೊನೆಯ ಬ್ಯಾಕಪ್ ನಾಲ್ಕು ತಿಂಗಳು ಹಳೆಯದು! ಡ್ರೈವ್ ತುಂಬಿ ಕೆಲಸ ನಿಂತಿತ್ತು. ಪರದೆಯ ಎಚ್ಚರಿಕೆಯನ್ನು ನಾನೇ ಓದದೆ ಮುಚ್ಚುತ್ತಿದ್ದೆ. ಮಕ್ಕಳ ಉರ್ದು, ಕನ್ನಡ ಅಂಕಗಳನ್ನು ಉತ್ತರಪತ್ರಿಕೆ ಹುಡುಕಿ ಮತ್ತೆ ಬರೆಯಬೇಕಾಯಿತು.

2012ರ ವಿಂಡೋಸ್ 8ರೊಂದಿಗೆ ಬಂದ 'ಫೈಲ್ ಹಿಸ್ಟರಿ', ನಾವು ಬದಲಿಸದಿದ್ದರೆ, ಹಳೆಯ ಪ್ರತಿಗಳನ್ನೆಲ್ಲ ಉಳಿಸಿಕೊಳ್ಳುತ್ತದೆ. ಡ್ರೈವ್ ತುಂಬಿದರೆ ಗಾಬರಿಯಿಂದ ಫೋಲ್ಡರ್ ಅಳಿಸಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿಯಲ್ಲಿ 'ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್' ತೆರೆದು 'ಕ್ಲೀನ್ ಅಪ್ ವರ್ಷನ್ಸ್' ಒತ್ತಿ, ಒಂದು ವರ್ಷಕ್ಕಿಂತ ಹಳೆಯವನ್ನು ತೆಗೆಯಿರಿ. ಬ್ಯಾಕಪ್ ವ್ಯಾಪ್ತಿಯಲ್ಲಿ ಈಗಲೂ ಇರುವ ಫೈಲುಗಳ ಇತ್ತೀಚಿನ ಪ್ರತಿ ಉಳಿಯುತ್ತದೆ.

ತಿಂಗಳಿಗೊಮ್ಮೆ ಬ್ಯಾಕಪ್‌ನ ದಿನಾಂಕ ನೋಡಿ, ಒಂದು ಫೈಲನ್ನಾದರೂ ಮರಳಿ ತೆರೆಯಿರಿ. ಇನ್ನೊಂದು ಡ್ರೈವ್ ಕಾರವಾರದ ನೆಂಟರ ಮನೆಯಲ್ಲಿರಲಿ. ತಾನಾಗಿ ನಡೆಯುವ ಕೆಲಸಕ್ಕೂ ಕಾಯುವ ಕಣ್ಣು ಬೇಕು.