ರೈತರ ಪ್ರೊಫೆಸರ್



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹಳೆಯ ರೈತಸಂಘದವರ ನಡುವೆ ಕುಳಿತು ‘ಪ್ರೊಫೆಸರ್’ ಎಂದಷ್ಟೇ ಅಂದರೆ, ಯಾವ ಕಾಲೇಜಿನವರೆಂದು ಯಾರೂ ಕೇಳುವುದಿಲ್ಲ. ಅದು ಬೆಂಗಳೂರಿನಲ್ಲಿ ನ್ಯಾಯಶಾಸ್ತ್ರವನ್ನು ಬೋಧಿಸುತ್ತಿದ್ದ ಎಂ. ಡಿ. ನಂಜುಂಡಸ್ವಾಮಿಯವರ ಹೆಸರೇ ಆಗಿಹೋಗಿದೆ. 1936ರಲ್ಲಿ ಜನಿಸಿ, ಯುರೋಪಿಗೆ ತೆರಳಿ ಹೇಗ್ ನಗರದಲ್ಲಿ ಅಂತಾರಾಷ್ಟ್ರೀಯ ನ್ಯಾಯವನ್ನು ವ್ಯಾಸಂಗ ಮಾಡಿ ಬಂದ ವಿದ್ವಾಂಸರೊಬ್ಬರು ಹೆಗಲಿಗೆ ಹಸಿರು ಶಾಲು ಹೊದ್ದು ಹಳ್ಳಿಯ ಜಗಲಿಯನ್ನು ತರಗತಿಯನ್ನಾಗಿ ಮಾಡಿಕೊಂಡುದು ಹೇಗೆಂಬುದನ್ನರಿಯಲು ಮೊದಲು ಕಾಗೋಡಿಗೆ ಹೋಗಬೇಕು.

ಸಾಗರ ತಾಲ್ಲೂಕಿನ ಆ ಊರಿನಲ್ಲಿ 1951ರಲ್ಲಿ ಎದ್ದ ವ್ಯಾಜ್ಯಕ್ಕೆ ಕಾರಣವಾದದ್ದು ಒಂದು ಕೊಳಗ. ಒಕ್ಕಲು ಮುಗಿದ ಕಣದಲ್ಲಿ ಗೇಣಿಯ ಭತ್ತವನ್ನು ಅಳೆಯತಕ್ಕ ಆ ಕೊಳಗವು ವಾಡಿಕೆಯ ಮೂರು ಸೇರಿಗಿಂತ ದೊಡ್ಡದೆಂಬುದು ಗೇಣಿದಾರರಾದ ದೀವರ ಸಮುದಾಯದವರ ದೂರು. ಕೊಳಗವೂ ಜಮೀನ್ದಾರರದು, ಲೆಕ್ಕವೂ ಅವರದು, ಕೊಟ್ಟುದಕ್ಕೆ ರಸೀದಿಯೆಂಬುದು ಮಾತ್ರ ಇಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘವು ಸತ್ಯಾಗ್ರಹ ಹೂಡಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಅದನ್ನು ಸಮಾಜವಾದಿ ಚಳವಳಿಯಾಗಿ ಬೆಳೆಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಸಾಗರದಲ್ಲಿ ಬಂಧಿತರಾದರು. ಮರುವರ್ಷವೇ ಸಾಗರ–ಹೊಸನಗರದ ಮತದಾರರು ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದರು.

ನಂಜುಂಡಸ್ವಾಮಿಯವರು ಈ ಲೋಹಿಯಾ ಪರಂಪರೆಯವರು. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ, ತೀರ್ಥಹಳ್ಳಿ ಸೀಮೆಯ ಕಡಿದಾಳು ಶಾಮಣ್ಣ ಮೊದಲಾದವರೊಡನೆ ಅವರು ಸಮಾಜವಾದಿ ಯುವಜನ ಸಭೆಯಲ್ಲಿ ದುಡಿದರು. ಅಷ್ಟರಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಬಂದು, ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿಕೊಂಡ ಗೇಣಿದಾರನು ಉಳುವ ಗದ್ದೆಗೆ ತಾನೇ ಒಡೆಯನಾಗುವ ಕಾಲ ಒದಗಿತು. ಗದ್ದೆಯೇನೋ ದಕ್ಕಿತು, ಆದರೆ ಬೆಳೆದ ಭತ್ತಕ್ಕೆ, ಕಬ್ಬಿಗೆ ಬೆಲೆ ಕಟ್ಟುವವರು ಯಾರು? ಕೊಳಗವು ಜಮೀನ್ದಾರರ ಕೈಯಿಂದ ಸರ್ಕಾರದ ಕೈಗೆ ದಾಟಿತೇ ಹೊರತು ರೈತನ ಕೈಗೆ ಬರಲಿಲ್ಲವೆಂಬುದೇ, ನಾನು ಬಲ್ಲಂತೆ, ಪ್ರೊಫೆಸರರ ಸಮಸ್ತ ಹೋರಾಟದ ಒಳಗಿನ ವಾದ.

1980ರಲ್ಲಿ ಶಿವಮೊಗ್ಗೆಯ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಶಾಮಣ್ಣ ಇವರೊಡಗೂಡಿ ಕರ್ನಾಟಕ ರಾಜ್ಯ ರೈತಸಂಘವನ್ನು ಕಟ್ಟಿದಾಗ ನಂಜುಂಡಸ್ವಾಮಿಯವರು ತಂದು ಸೇರಿಸಿದುದು ವಕೀಲಿ ಬುದ್ಧಿಯ ಸೊಗಸನ್ನು. ಲೆವಿಯ ಹೆಸರಿನಲ್ಲಿ ಪೇಟೆಯ ದರಕ್ಕಿಂತ ಕಡಿಮೆಗೆ ಧಾನ್ಯವನ್ನು ಕೊಂಡ ಸರ್ಕಾರವು ಆ ವ್ಯತ್ಯಾಸದ ಹಣವನ್ನು ರೈತನಿಗೆ ಕೊಡಬೇಕಾಗಿದೆ. ಆದುದರಿಂದ ಬಾಕಿದಾರನು ಸರ್ಕಾರವೇ, ರೈತನಲ್ಲ ಎಂದರು. ಸಾಲದ ಸಲುವಾಗಿ ಅಧಿಕಾರಿಗಳು ಮನೆಯಿಂದ ಹೊತ್ತೊಯ್ದ ಪಾತ್ರೆಪಗಡಗಳನ್ನು ರೈತರು ಗುಂಪಾಗಿ ಹೋಗಿ ಹಿಂದಕ್ಕೆ ತಂದರು. ಅದಕ್ಕೆ ‘ಮರುಜಪ್ತಿ’ ಎಂದು ಹೆಸರಾಯಿತು. ಕಾನೂನನ್ನು ಓದದವನಿಗೆ ಇಂಥ ತುಂಟತನ ಹೊಳೆಯುವುದು ಕಷ್ಟ.

ಇದಕ್ಕಿಂತಲೂ ದೂರದೃಷ್ಟಿ ಕಂಡುದು ಗ್ಯಾಟ್ ಎಂಬ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಬಂದಾಗ. 1991ರ ಡಿಸೆಂಬರಿನಲ್ಲಿ ಹೊರಬಿದ್ದ ಆ ದಸ್ತಾವೇಜಿನ ಬೌದ್ಧಿಕ ಹಕ್ಕುಸ್ವಾಮ್ಯದ ಕಲಮುಗಳು ನಾಳೆ ಬಿತ್ತನೆ ಬೀಜದ ಕಣಜಕ್ಕೂ ಕೈಹಾಕಬಲ್ಲವೆಂಬುದನ್ನು ಅವರು ಹಳ್ಳಿಯವರಿಗೆ ಬಿಡಿಸಿ ಹೇಳಿದರು. ಮರುವರ್ಷದ ಕೊನೆಗೆ ಬಹುರಾಷ್ಟ್ರೀಯ ಬೀಜ ಕಂಪನಿಯಾದ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿದ ಸಂಘದ ಕಾರ್ಯಕರ್ತರು ಕಡತಗಳನ್ನು ಬೀದಿಗೆ ತಂದು ಸುಟ್ಟರು. ಆಸ್ತಿಯ ನಾಶವು ಹಿಂಸೆಯಲ್ಲವೆಂಬ ಅವರ ಸಮರ್ಥನೆಯನ್ನು ನನ್ನಿಂದ ಪೂರ್ತಿಯಾಗಿ ಒಪ್ಪಲಾಗದು. ನ್ಯಾಯವನ್ನು ಬೋಧಿಸಿದವರು ಸಾಕ್ಷ್ಯವನ್ನು ಸುಡಬಾರದಿತ್ತೆಂದು ತಮಾಷೆಗೆ ಅನ್ನಬಹುದೇನೊ.

ಉಪಚುನಾವಣೆಯೊಂದರಲ್ಲಿ ಧಾರವಾಡ ಗ್ರಾಮಾಂತರದಿಂದ ಗೆದ್ದು ಅವರು ವಿಧಾನಸಭೆಯಲ್ಲೂ ಕುಳಿತರು; ಸಂಘವು ಮುಂದೆ ಒಡೆದು ಬಣಗಳಾಯಿತು, ಅದರಲ್ಲಿ ಅವರ ಹಟದ ಪಾಲೂ ಇತ್ತು. ಇತ್ತ ಅವರು ಎಚ್ಚರಿಸಿದ್ದ ಬೀಜದ ಹಕ್ಕಿನ ವಿಷಯದಲ್ಲಿ 2001ರಲ್ಲಿ ಸಂಸತ್ತು ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿ, ರೈತನು ತನ್ನ ಬೆಳೆಯ ಬೀಜವನ್ನು ಕೂಡಿಡಬಹುದು, ಬಿತ್ತಬಹುದು, ನೆರೆಯವನೊಡನೆ ವಿನಿಮಯ ಮಾಡಿಕೊಳ್ಳಬಹುದು, ಮಾರಲೂಬಹುದು, ಕಂಪನಿಯ ಮುದ್ರೆಯೊತ್ತಿ ಮಾತ್ರ ಮಾರುವಂತಿಲ್ಲ ಎಂದು ವಿಧಿಸಿತು. ಪ್ರೊಫೆಸರರು ತೀರಿಕೊಂಡುದು 2004ರ ಫೆಬ್ರವರಿ 3ರಂದು.