ಗ್ಯಾಂಗಿಗೆ ಹೆಸರಿಡುವ ಮೊದಲು

ದಿನಾ ಇದೇ ಕುರ್ಚಿಯಲ್ಲಿ ಕೂತು ಬೇರೆಯವರನ್ನು ಪ್ರಶ್ನೆ ಕೇಳ್ತೀನಿ. ಇವತ್ತು ನನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ.

ಕೆಲವು ತಿಂಗಳ ಹಿಂದೆ ಗದಗ ಕಡೆಯಿಂದ ಒಂದು ಮನೆಗಳ್ಳತನದ ಸುದ್ದಿ ಬಂತು. ರಾತ್ರಿ ಒಂಬತ್ತರ ಬುಲೆಟಿನ್. ಪೊಲೀಸರು ಇನ್ನೂ ಯಾರನ್ನೂ ಹಿಡಿದಿರಲಿಲ್ಲ. ಆದರೆ ನಮ್ಮ ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಮುದಾಯದ ಹೆಸರು, ಅದರ ಪಕ್ಕದಲ್ಲಿ 'ಗ್ಯಾಂಗ್', ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಇದ್ದರೆ ಏನು ಬೇಕಾದರೂ ಹೇಳಬಹುದು ಅಂತ ನಮ್ಮ ವೃತ್ತಿಯವರು ತಿಳಿದುಕೊಂಡಿದ್ದೇವೆ. ಆ ಸಾಲು ಓದಿದವನು ನಾನೇ.

ಮರುದಿನ ಸಂಜೆ ಬೆಟಗೇರಿಯಿಂದ ಒಬ್ಬರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಸರ್, ನೀವು ರಾತ್ರಿ ಟಿವಿಯಾಗ ಹೇಳಿದ್ರಲ್ಲ, ಆ ಹೆಸರು ನಮ್ದರೀ. ನನ್ನ ಮಗಳು ಎಂಟನೇತ್ತ ಓದಾಕತ್ತಾಳ. ಇವತ್ತು ಸಾಲ್ಯಾಗ ಯಾರದೋ ಕಂಪಾಸ್ ಬಾಕ್ಸ್ ಕಳದೈತಿ. ಮೊದಲ ಈಕಿ ಪಾಟೀಚೀಲ ತಗಸಿ ನೋಡ್ಯಾರ. ಆಮ್ಯಾಲ ಅದು ಬ್ಯಾರೆ ಕಡೆ ಸಿಕ್ಕೈತಿ. ಆದ್ರ ಹುಡುಗಿ ನಾಳಿಯಿಂದ ಸಾಲಿಗೆ ಹೋಗೂದಿಲ್ಲ ಅಂತ ಕುಂತಾಳ. ಆಕಿಗೆ ಏನಂತ ಹೇಳ್ಲಿ, ನೀವ ಹೇಳ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರದ ಮೇಲೆ ಕಳ್ಳರು ಸಿಕ್ಕರು. ಆ ಸಮುದಾಯಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಅದನ್ನು ನಾವು ಸ್ಕ್ರೋಲ್‌ನಲ್ಲೂ ಹಾಕಲಿಲ್ಲ.

ಹಾಗಾದರೆ ಆ ಹೆಸರು ನಮ್ಮ ಬಾಯಿಗೆ ಅಷ್ಟು ಸುಲಭವಾಗಿ ಬಂದಿದ್ದು ಎಲ್ಲಿಂದ? ಅದರ ಹಿಂದೆ ನೂರೈವತ್ತು ವರ್ಷದ ಇತಿಹಾಸ ಇದೆ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಬಡಗಿಯ ಮಗ ಬಡಗಿ ಆಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗ್ತಾನೆ ಅನ್ನೋದು ಅವರ ವಾದ. ಸರ್ಕಾರ ಒಂದು ಸಮುದಾಯವನ್ನು 'ಅಪರಾಧಿ' ಅಂತ ಘೋಷಿಸಿದರೆ ಮುಗೀತು, ಕೋರ್ಟಿನಲ್ಲೂ ಅದನ್ನು ಪ್ರಶ್ನೆ ಮಾಡುವ ಹಾಗಿರಲಿಲ್ಲ. ರಿಜಿಸ್ಟರ್‌ನಲ್ಲಿ ಹೆಸರು, ಹಾಜರಿ. ಊರು ಬಿಡಬೇಕಾದರೆ ಪಾಸ್. 1911ರಲ್ಲಿ ಈ ಕಾನೂನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ನಮ್ಮ ಕಡೆ ಆಗ ಮುಂಬೈ ಪ್ರಾಂತ್ಯ. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇವರನ್ನು ಕೂಡಿಹಾಕಲು 'ಸೆಟ್ಲ್‌ಮೆಂಟ್'ಗಳು ಬಂದವು. ಹುಬ್ಬಳ್ಳಿಯಲ್ಲಿ ಸುತ್ತ ಮುಳ್ಳುತಂತಿಯ ಬೇಲಿ ಹಾಕಿದ್ದರು. ಅಲ್ಲಿ ಹುಟ್ಟಿದ ಕೂಸಿನ ಹೆಸರೂ ಸರ್ಕಾರದ ಲೆಕ್ಕಕ್ಕೆ ಸೇರುತ್ತಿತ್ತು. ಬೇಲಿ ಹೋಗಿ ಎಷ್ಟೋ ಕಾಲವಾಯ್ತು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಜನರ ಬಾಯಲ್ಲಿ ಆ ಜಾಗ ಇವತ್ತಿಗೂ ಸೆಟ್ಲ್‌ಮೆಂಟೇ.

ಅದೇ ಕಾಲದಲ್ಲಿ ಯುರೋಪಿನ ಪಂಡಿತರು ತಲೆಬುರುಡೆ, ದವಡೆ ಅಳೆದು ಮನುಷ್ಯರನ್ನು ಮೇಲು-ಕೀಳು ಅಂತ ವಿಂಗಡಿಸುತ್ತಿದ್ದರು. ಇಟಲಿಯ ವೈದ್ಯ ಸೆಸಾರೆ ಲೊಂಬ್ರೋಸೊ 1876ರಲ್ಲಿ ಬರೆದ ಪುಸ್ತಕದಲ್ಲಿ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಮುಖ ನೋಡಿದರೆ ಗೊತ್ತಾಗುತ್ತೆ ಅಂತ ವಾದಿಸಿದ. ಆ ವಿಜ್ಞಾನ ಸುಳ್ಳು ಅಂತ ಯಾವತ್ತೋ ಸಾಬೀತಾಗಿದೆ. ಆದರೆ ಅದರ ಹಿಂದಿದ್ದ ನೋಟ ಹೋಗಿಲ್ಲ. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ ಪೊಲೀಸನೊಬ್ಬ ಮಂಡಿಯೂರಿದಾಗ ನಾವು ಇಲ್ಲಿ ಕೂತು ವರ್ಣಭೇದದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ವಿ. ಬೆಟಗೇರಿಯ ಪಾಟೀಚೀಲದ ಬಗ್ಗೆ ಯಾವತ್ತು ಮಾತಾಡಿದ್ದೀವಿ?

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯ್ತು. ಈ ಸಮುದಾಯಗಳಿಗೆ 'ವಿಮುಕ್ತ' ಅನ್ನೋ ಹೆಸರು ಬಂತು. ಆದರೆ ಮುಕ್ತಿ ಎಲ್ಲಿ ಸಿಕ್ತು? ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಒಂದು ಸಮುದಾಯದ ಹೆಸರು ಗಂಟಿಚೋರ್. ಹೆಸರಲ್ಲೇ ಚೋರ! ಆ ಮನೆಯ ಹುಡುಗ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕಾದರೆ, ತಹಶೀಲ್ದಾರ್ ಕಚೇರಿಯಲ್ಲಿ ಸಾಲಲ್ಲಿ ನಿಂತು, ತನ್ನನ್ನು ಕಳ್ಳ ಅನ್ನೋ ಸರ್ಟಿಫಿಕೇಟನ್ನು ತಾನೇ ಕೇಳಿ ತಗೋಬೇಕು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳ ಹಾಗೆ ಕಾಣುವ ಜೈಲು ಕೈಪಿಡಿಗಳ ಮಾತನ್ನು ಒಪ್ಪಲಿಲ್ಲ. ಮನಸ್ಸಿಗೆ ಬಂದ ಹಾಗೆ ಅವರನ್ನು ಬಂಧಿಸಬಾರದು ಅಂತ ಪೊಲೀಸರಿಗೂ ಹೇಳಿತು. ಆ ಅರ್ಜಿ ಹಾಕಿದವರು ಸುಕನ್ಯಾ ಶಾಂತಾ, ಒಬ್ಬ ಪತ್ರಕರ್ತೆ. ಅದೇ ವೃತ್ತಿಯಲ್ಲಿ ಇದ್ದುಕೊಂಡು ನಾನು ಓದಿದ ಸಾಲು ಯಾವುದು ಅಂತ ಆಗಲೇ ಹೇಳಿದ್ದೀನಿ.

ನಾನು ಎಂಜಿನಿಯರಿಂಗ್ ಓದಿದವನು. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕೀಂಯ್ ಅಂತ ಕಿರುಚುತ್ತಲ್ಲ, ಅದಕ್ಕೆ ಫೀಡ್‌ಬ್ಯಾಕ್ ಅಂತೀವಿ. ಸ್ಪೀಕರಿನ ಸದ್ದನ್ನು ಮೈಕ್ ಕೇಳುತ್ತೆ, ಮೈಕಿನ ಸದ್ದನ್ನು ಸ್ಪೀಕರ್ ಹೆಚ್ಚಿಸುತ್ತೆ. ಇಲ್ಲೂ ಅದೇ. ಕಳ್ಳತನ ಆದರೆ ಪೊಲೀಸರು ಮೊದಲು ಅದೇ ಓಣಿಗೆ ಹೋಗ್ತಾರೆ. ಹುಡುಕಿದ ಕಡೆಯೇ ಹೆಚ್ಚು ಕೇಸ್ ಸಿಗುತ್ತೆ. ಕೇಸ್ ಇರೋದರಿಂದ ಮತ್ತೆ ಅಲ್ಲೇ ಹುಡುಕ್ತಾರೆ. ನಾವು ಅದನ್ನು ಟಿವಿಯಲ್ಲಿ ಕೂಗ್ತೀವಿ. ಟಿವಿ ನೋಡಿದ ಮನೆ ಮಾಲೀಕ ಬಾಡಿಗೆಗೆ ಮನೆ ಕೊಡಲ್ಲ, ಅಂಗಡಿಯವನು ಕೆಲಸ ಕೊಡಲ್ಲ.

ಆ ಸಮುದಾಯದಲ್ಲಿ ಕಳ್ಳರೇ ಇಲ್ಲ ಅಂತ ನಾನು ಹೇಳ್ತಿಲ್ಲ. ಯಾವ ಸಮುದಾಯದಲ್ಲಿ ಇಲ್ಲ, ಹೇಳಿ? ಬ್ಯಾಂಕಿಗೆ ಸಾವಿರಾರು ಕೋಟಿ ನಾಮ ಹಾಕಿ ವಿದೇಶಕ್ಕೆ ಓಡಿದವರ ಸುದ್ದಿ ಓದುವಾಗ ಅವರ ಜಾತಿಯ ಹೆಸರಿಗೆ 'ಗ್ಯಾಂಗ್' ಸೇರಿಸಿದ್ದೀವಾ? ಇಲ್ಲ. ಅಲ್ಲಿ ತಪ್ಪು ಒಬ್ಬನದು. ಇಲ್ಲಿ ಮಾತ್ರ ಇಡೀ ಕುಲದ್ದು.

ಗದಗ ಜಿಲ್ಲೆಯವರಿಗೆ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಊರು ಗದಗ. ಕರ್ಣನ ಬಿಲ್ಲು ನೋಡದೆ ಕುಲ ಕೇಳಿದವರ ಕಥೆ ಇಲ್ಲಿಯವರಿಗೆ ಬಾಯಿಪಾಠ. ಶಿರಹಟ್ಟಿ ಮಠದ ಸ್ವಾಮಿಗಳ ಹೆಸರಿನಲ್ಲಿ ಫಕೀರ ಮತ್ತು ಸಿದ್ಧರಾಮ ಒಟ್ಟಿಗೇ ಇವೆ. ಹೆಸರಿನಿಂದ ಜನರನ್ನು ಕೂಡಿಸಬಹುದು ಅಂತ ಈ ಮಣ್ಣಿಗೆ ಗೊತ್ತು.

ಇನ್ನು ಮುಂಡರಗಿ ಭೀಮರಾಯ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಪ್ರಾಣ ಬಿಟ್ಟವರು. ಬ್ರಿಟಿಷರ ಕಡತದಲ್ಲಿ ಅವರು ದಂಗೆಕೋರ. ನಾವು ಆ ಹಣೆಪಟ್ಟಿ ಕಿತ್ತು ಹಾಕಿ ಸ್ವಾತಂತ್ರ್ಯ ಹೋರಾಟಗಾರ ಅಂದ್ವಿ. ಸರಿಯಾಗೇ ಮಾಡಿದ್ವಿ. ಆದರೆ ಅದೇ ಬ್ರಿಟಿಷರು ಏನೂ ಕದಿಯದ ಕೂಸುಗಳಿಗೆ ಅಂಟಿಸಿದ 'ಕಳ್ಳ' ಅನ್ನೋ ಹಣೆಪಟ್ಟಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೀವಿ. ಯಾಕೆ?

ನನ್ನ ಪಾಲಿನ ಕೆಲಸ ಇಷ್ಟು. ನಾನು ಓದುವ ಸುದ್ದಿಯಲ್ಲಿ ಯಾವ ಗ್ಯಾಂಗಿಗೂ ಜಾತಿಯ ಹೆಸರು ಇರಲ್ಲ. ಆರೋಪಿಗೆ ಹೆಸರಿದೆ, ಅದನ್ನು ಹೇಳ್ತೀನಿ. ಅವತ್ತು ತಪ್ಪು ಹೇಳಿದ ಒಂಬತ್ತರ ಬುಲೆಟಿನ್‌ನಲ್ಲೇ ಇವತ್ತು ತಿದ್ದುಪಡಿ ಹೇಳ್ತಿದ್ದೀನಿ: ಆ ಕಳ್ಳತನಕ್ಕೂ ಆ ಸಮುದಾಯಕ್ಕೂ ಸಂಬಂಧ ಇರಲಿಲ್ಲ. ತಡವಾಯ್ತು, ಕ್ಷಮೆ ಇರಲಿ.

ಬೆಟಗೇರಿಯ ಆ ಹುಡುಗಿ ನೋಡ್ತಿದ್ದರೆ ಒಂದು ಮಾತು. ಪಾಟೀಚೀಲ ತಗೊಂಡು ಸಾಲಿಗೆ ಹೋಗಮ್ಮಾ. ತಲೆ ತಗ್ಗಿಸಬೇಕಾದವರು ನಾವು, ನೀನಲ್ಲ.